ಅವ್ವನ ಮುಡಿಪು, ನನ್ನ ಕಾಲು

ನಮ್ಮ ಮನೆದೇವರು ಮಾದಪ್ಪ, ಮಲೆ ಮಹದೇಶ್ವರ. ನನ್ನ ಹೆಸರಿನಲ್ಲೂ ಮಾದೇವ ಇದ್ದಾನೆ. ಆದರೆ ಇಪ್ಪತ್ತೆರಡು ವರ್ಷ ಆಫೀಸಿನಲ್ಲಿ ಎಲ್ಲರೂ ‘ದೇವ್’ ಅಂತಲೇ ಕರೆದರು. 2024ರ ನವೆಂಬರ್‌ನಲ್ಲಿ ಆ ಕೆಲಸ ಹೋಯಿತು. ಒಂದು ಮಂಗಳವಾರ ಹನ್ನೊಂದು ಗಂಟೆಗೆ ಕರೆದರು, ಹನ್ನೊಂದೂಕಾಲಿಗೆ ಲ್ಯಾಪ್‌ಟಾಪ್ ವಾಪಸ್ ತಗೊಂಡರು. ನಲವತ್ತಾರನೇ ವಯಸ್ಸಿಗೆ ಮನೆಯಲ್ಲಿ ಕೂತೆ.

ಮೊದಲ ತಿಂಗಳು ಬರೀ ನಿದ್ದೆ. ಎರಡನೇ ತಿಂಗಳು ಗೆಳೆಯನೊಬ್ಬ ನನ್ನ ಮುಖ ನೋಡಲಾರದೆ ಒಂದು ರೆಸಾರ್ಟಿನಲ್ಲಿ ನಡೆಯುವ ಎರಡು ದಿನದ ಶಿಬಿರಕ್ಕೆ ಹೆಸರು ಬರೆಸಿದ. ಬದುಕಿನ ಗುರಿ ಕಂಡುಕೊಳ್ಳುವ ಶಿಬಿರ. ಒಂದು ಹಾಳೆ ಕೊಟ್ಟು ನಾಲ್ಕು ವೃತ್ತ ಬರೆಸಿದರು. ಇಷ್ಟವಾದದ್ದು ಒಂದರಲ್ಲಿ, ನಿಮಗೆ ಬರುವ ಕೆಲಸ ಇನ್ನೊಂದರಲ್ಲಿ, ಲೋಕಕ್ಕೆ ಬೇಕಾದದ್ದು, ದುಡ್ಡು ತರುವಂಥದ್ದು. ನಾಲ್ಕೂ ಕೂಡುವ ನಡುವಿನ ಜಾಗದಲ್ಲಿ ನಿಮ್ಮ ಗುರಿ ಬರೆಯಿರಿ ಅಂದರು. ಏನೂ ತೋಚಲಿಲ್ಲ. ಟೀ ಲೋಟ ಅಲ್ಲೇ ಇಟ್ಟೆ. ಐದನೇ ವೃತ್ತ ಬಿತ್ತು.

ಅವ್ವ ಇರುವುದು ಕನಕಪುರದ ಹತ್ತಿರದ ಹಳ್ಳಿಯಲ್ಲಿ. ಹದಿನೇಳು ಶಿವರಾತ್ರಿಗೆ ಬೆಟ್ಟಕ್ಕೆ ನಡೆದುಕೊಂಡೇ ಹೋದವಳು. ಮೂರು ವರ್ಷದಿಂದ ಮಂಡಿ ಅವಳ ಮಾತು ಕೇಳುತ್ತಿಲ್ಲ. ಆದರೂ ಮುಡಿಪು ಕಟ್ಟುವುದನ್ನು ಬಿಟ್ಟಿಲ್ಲ. ಹಸು ಕರು ಹಾಕಿದರೆ ಒಂದು ಕಾಸು, ಮೊಮ್ಮಗಳ ಜ್ವರ ಬಿಟ್ಟರೆ ಒಂದು ಕಾಸು, ಎಲ್ಲ ಹಳದಿ ಬಟ್ಟೆಯಲ್ಲಿ ಗಂಟು. ಅದನ್ನು ನನ್ನ ಮುಂದಿಟ್ಟಳು.

“ಅದೆಲ್ಲೋ ದುಡ್ ಕೊಟ್ಟು ಕಣ್ಮುಚ್ಕಂಡ್ ಕೂತಿದ್ಯಂತೆ. ಅದ್ರ ಬದ್ಲು ಇದ್ನ ತಲುಪ್ಸು.”

“ಸರಿ ಬಿಡವ್ವ, ನಾಳೆನೇ ಬಸ್ಸಲ್ಲಿ ಹೋಗಿ ಬರ್ತೀನಿ.”

“ಬಸ್ಸಲ್ಲಿ ಕಳ್ಸೋ ಆಗಿದ್ರೆ ಕಂಡಕ್ಟ್ರು ಕೈಲೇ ಕೊಡ್ತಿರ್ಲಿಲ್ವಾ?”

ಮೊದಲ ದಿನ: ಫೆಬ್ರವರಿ 22, ಶನಿವಾರ

ಬೆಳಗಿನ ಜಾವ ನಾಲ್ಕಕ್ಕೆ ಕನಕಪುರದಿಂದ ಹೊರಟೆವು. ನಮ್ಮ ತಂಡದಲ್ಲಿ ಮೂವತ್ತೊಂದು ಜನ. ಅವ್ವನ ಹಳೇ ಜೊತೆಗಾರರೇ ಜಾಸ್ತಿ. ಅವರಲ್ಲಿ ಇಬ್ಬರ ವಿಷಯ ಹೇಳಲೇಬೇಕು. ಒಬ್ಬರು ದೇವರಗುಡ್ಡ ತಾತ. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ತಗೊಂಡು ಕಂಸಾಳೆ ಹಿಡಿದು ಹಾಡುವವರಿಗೆ ದೇವರಗುಡ್ಡರು ಅನ್ನುತ್ತಾರೆ. ಇನ್ನೊಬ್ಬರು ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ. ಎಪ್ಪತ್ತು ದಾಟಿದೆ, ಕಾಲಲ್ಲಿ ಹವಾಯಿ ಚಪ್ಪಲಿ. ನನ್ನ ಕಾಲಲ್ಲಿ ಆರು ಸಾವಿರದ ಶೂ. ಅಜ್ಜಿ ಅದನ್ನು ಎರಡು ಸಲ ನೋಡಿದರು, ಏನೂ ಅನ್ನಲಿಲ್ಲ.

ಬೆಟ್ಟ ಇಲ್ಲಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಮೊದಲ ದಿನ ಪೂರ್ತಿ ಟಾರು ರಸ್ತೆ. ದೊಡ್ಡಆಲಹಳ್ಳಿ ಕಡೆ ಎರಡೂ ಬದಿಯಲ್ಲಿ ರೇಷ್ಮೆ ಸೊಪ್ಪಿನ ತೋಟ, ಆಮೇಲೆ ಗುಡ್ಡ, ಕುರುಚಲು ಕಾಡು. ಇಳಿಜಾರು ತಿರುವುಗಳಲ್ಲಿ ಶೂ ಒಳಗೆ ಬೆರಳು ಮುಂದಕ್ಕೆ ನುಗ್ಗಿ ನುಗ್ಗಿ ಸಂಜೆಗೆ ಎಡಗಾಲಿನ ಹೆಬ್ಬೆರಳ ಪಕ್ಕ ಬೊಬ್ಬೆ ಎದ್ದಿತು. ನಡೆಯುವಾಗ ಉಸಿರಿನ ಮೇಲೆ ಗಮನ ಇಡಿ ಅಂತ ಶಿಬಿರದಲ್ಲಿ ಹೇಳಿಕೊಟ್ಟಿದ್ದರು. ಇಟ್ಟೆ. ಹತ್ತು ಹೆಜ್ಜೆಗೆಲ್ಲ ಗಮನ ಹೆಬ್ಬೆರಳಿಗೆ ಇಳಿದಿರುತ್ತಿತ್ತು.

ಕತ್ತಲಾದ ಮೇಲೆ ಸಂಗಮ ಸೇರಿದೆವು. ಅರ್ಕಾವತಿ ಬಂದು ಕಾವೇರಿಗೆ ಸೇರುವ ಜಾಗ. ಮರಳ ಮೇಲೆ ಸಾವಿರಾರು ಜನ, ಅಲ್ಲಲ್ಲಿ ಒಲೆ, “ಉಘೇ ಉಘೇ ಮಾದಪ್ಪ” ಅನ್ನುವ ಕೂಗು. ಗಾಳಿ ತಿರುಗಿದಾಗ ಅರ್ಕಾವತಿ ಕಡೆಯಿಂದ ಒಂದು ನಾತ. ನನಗೆ ಅದು ಪರಿಚಯದ ನಾತವೇ. ನಾನಿರುವುದು ಕೆಂಗೇರಿಯಲ್ಲಿ, ವೃಷಭಾವತಿಯ ಪಕ್ಕ. ಬೆಂಗಳೂರಿನ ಕೊಳಚೆಯನ್ನೆಲ್ಲ ಹೊತ್ತು ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಇಲ್ಲಿಗೆ ಬರುತ್ತದೆ. ಊರು ಬಿಟ್ಟು ದೂರ ಬಂದೆ ಅಂದುಕೊಂಡಿದ್ದೆ. ನಮ್ಮ ಮನೆಯ ಬಚ್ಚಲ ನೀರು ನನಗಿಂತ ಮೊದಲೇ ಬಂದು ಕೂತಿತ್ತು.

ಎರಡನೇ ದಿನ: ಫೆಬ್ರವರಿ 23, ಭಾನುವಾರ

ಹೊಳೆ ದಾಟುವುದು ಈ ದಾರಿಯ ದೊಡ್ಡ ಘಟ್ಟ. ಬೇಸಿಗೆ ಶುರು, ನೀರು ಕಮ್ಮಿ. ಆದರೂ ನಡುವೆ ಸೊಂಟದ ಹತ್ತಿರ ಬರುತ್ತದೆ. ದಡದಿಂದ ದಡಕ್ಕೆ ಹಗ್ಗ ಬಿಗಿದಿದ್ದರು. ಕೆಳಗೆ ಬಂಡೆ, ಬಂಡೆಯ ಮೇಲೆ ಪಾಚಿ. ಈ ಹೊಳೆಯಲ್ಲಿ ಮೊಸಳೆ ಇವೆ ಅನ್ನುವುದನ್ನು ಯಾರೋ ಪುಣ್ಯಾತ್ಮ ಸರಿಯಾಗಿ ನಡುನೀರಿನಲ್ಲಿ ನೆನಪಿಸಿದ.

ಮುಡಿಪನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಲೆಗೆ ಟವೆಲ್ಲಿನಿಂದ ಕಟ್ಟಿಕೊಂಡಿದ್ದೆ. ಶೂ ಎರಡನ್ನೂ ಗಂಟು ಹಾಕಿ ಕೊರಳಿಗೆ ನೇತುಹಾಕಿದ್ದೆ. ಒಂದು ಕೈಯಲ್ಲಿ ಹಗ್ಗ. ಇನ್ನೊಂದು ಕೈಯನ್ನು ಸೊಪ್ಪಿನಜ್ಜಿ ಹಿಡಿದುಕೊಂಡರು. ನಾನು ಅವರನ್ನು ದಾಟಿಸುತ್ತಿದ್ದೇನೆ ಅಂತ ಅಂದುಕೊಂಡಿದ್ದೆ. ಅರ್ಧ ದಾಟಿದಾಗ ಕಾಲು ಜಾರಿತು. ಅಜ್ಜಿ ನನ್ನ ಮಣಿಕಟ್ಟನ್ನು ಹಾಗೇ ಮೇಲಕ್ಕೆ ಜಗ್ಗಿದರು. ಸೊಪ್ಪಿನ ಕಂತೆ ಕಟ್ಟುವ ಹಿಡಿತ ಅದು. ಶೂ ಒಂದು ಕೊರಳಿಂದ ಕಳಚಿ ನೀರಿಗೆ ಬಿತ್ತು, ಮೇಕೆದಾಟಿನ ದಿಕ್ಕಿಗೆ ಹೋಯಿತು.

“ಓಗ್ಲಿ ಬುಡು,” ಅಂದರು. “ಗಂಟು ಅಯ್ತಾ ನೋಡ್ಕೊ.”

ಇತ್ತು. ಆಚೆ ದಡದಲ್ಲಿ ಕೂತು ಉಳಿದ ಶೂ ನೋಡಿದೆ. ಒಂಟಿ ಶೂ ಇಟ್ಟುಕೊಂಡು ಏನು ಮಾಡೋದು? ತಂಡದ ಹುಡುಗನೊಬ್ಬ ಚೀಲದಿಂದ ಜೊತೆ ಚಪ್ಪಲಿ ತೆಗೆದುಕೊಟ್ಟ. ಹವಾಯಿ ಚಪ್ಪಲಿ. ಅಜ್ಜಿ ಈಗ ಬಾಯಿಬಿಟ್ಟು ನಕ್ಕರು.

ದಡದ ಹೊಳೆಮತ್ತಿ ಮರಗಳು ದಾಟಿದ ಮೇಲೆ ಕಾಡು. ಇದು ಕಾವೇರಿ ವನ್ಯಜೀವಿ ಧಾಮ, 1987ರಲ್ಲಿ ಆದದ್ದು. ಕಾಡು ಅಂದರೆ ಮಲೆನಾಡಿನ ಹಸಿರು ಕಾಡು ಅಂದುಕೊಳ್ಳಬೇಡಿ. ಒಣ ಕಾಡು. ಎಲೆ ಉದುರಿದ ಮರ, ಬಿಸಿ ಕಲ್ಲು, ಮುಳ್ಳು. ನಡುನಡುವೆ ಮುತ್ತುಗ ಮಾತ್ರ ಒಂದೆಲೆಯೂ ಇಲ್ಲದೆ ಮೈತುಂಬ ಕೆಂಪು ಹೂ ಬಿಟ್ಟು ನಿಂತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಒಂದಾನೊಂದು ಕಾಲದಲ್ಲಿ ಈ ಸೀಮೆಯ ಹೆಸರು ಹೇಳಿದರೆ ವೀರಪ್ಪನ್ ನೆನಪಾಗುತ್ತಿದ್ದ. ಅವ್ವ ಆ ವರ್ಷಗಳಲ್ಲೂ ಇದೇ ದಾರಿಯಲ್ಲಿ ನಡೆದಿದ್ದಾಳೆ. “ನಮ್ತಾವ ಏನಿತ್ತು ಅವ್ನು ತಗಳಾಕೆ” ಅನ್ನುತ್ತಿದ್ದಳು.

ಕಾಡಿನ ಮೌನದಲ್ಲಿ ಅಂತರಂಗ ಮಾತಾಡುತ್ತದೆ ಅಂತ ಓದಿದ್ದೆ. ಇಲ್ಲಿ ಮೌನ ಎಲ್ಲಿ ಬಂತು? ಮುಂದೆ ಒಂದು ತಂಡದ ಸ್ಪೀಕರ್, ಹಿಂದೆ ಇನ್ನೊಂದು ತಂಡದ ತಮಟೆ. ಕಾಲಡಿಯಲ್ಲಿ ನೀರಿನ ಬಾಟಲಿ, ಗುಟ್ಕಾ ಚೀಟಿ. ಮಾದಪ್ಪನ ಕಾಡು ಅಂತ ಕೈ ಮುಗಿಯುವ ಕೈಯೇ ಬಾಟಲಿ ಎಸೆಯುತ್ತದೆ. ಸಿಟ್ಟು ಬಂತು. ಆದರೆ ಮೂರನೇ ಗಂಟೆಯ ಹೊತ್ತಿಗೆ ಬಿಸಿಲು ಎಲ್ಲರ ಬಾಯಿಯನ್ನೂ ಒಣಗಿಸಿತ್ತು. ಸ್ಪೀಕರಿನ ಬ್ಯಾಟರಿ ಸತ್ತಿತ್ತು. ಆಗ ಕೇಳಿದ್ದು ಬರೀ ಚಪ್ಪಲಿ ಸದ್ದು. ನೂರಾರು ಚಪ್ಪಲಿಗಳ ಚಟಪಟ, ಜೊತೆಗೆ ಯಾರದೋ ಉಬ್ಬಸ. ಆ ಒಂದು ಗಂಟೆ ನಾನು ಏನು ಯೋಚಿಸಿದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮೂರು ತಿಂಗಳಲ್ಲಿ ಏನನ್ನೂ ಯೋಚಿಸದೆ ಕಳೆದ ಮೊದಲ ಗಂಟೆ ಅದು.

ಬಸವನಕಡದಲ್ಲಿ ನೆರಳಿಗೆ ಕೂತಾಗ ತಾತ ಕಂಸಾಳೆ ತೆಗೆದರು. ಕಂಚಿನ ಎರಡು ತಾಳ. ಒಂದು ಬಟ್ಟಲಿನ ಹಾಗೆ, ಇನ್ನೊಂದು ಚಪ್ಪಟೆ, ಅದಕ್ಕೆ ಕುಚ್ಚು. ಮಾದಪ್ಪನ ಹಾಡುಗತೆಯಲ್ಲಿ ಬರುವ ಸಂಕಮ್ಮನ ಸಾಲು ಎತ್ತಿಕೊಂಡರು. ಕತೆ ಗೊತ್ತಿದ್ದದ್ದೇ. ಸೋಲಿಗರ ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಡುತ್ತಾನೆ. ಹೆಂಡತಿ ಸಂಕಮ್ಮನ ಮೇಲೆ ಅನುಮಾನ. ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಅವಳನ್ನು ಹಿಂಸೆ ಮಾಡಿ, ಕೂಡಿಹಾಕಿ ಹೋಗುತ್ತಾನೆ. ಮಕ್ಕಳಿಲ್ಲದ ಆ ಒಂಟಿ ಹೆಂಗಸಿನ ಮುಂದೆ ಮಾದಪ್ಪ ಜಂಗಮನಾಗಿ ನಿಲ್ಲುತ್ತಾನೆ. ಅವನ ವರದಿಂದ ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ.

ಚಿಕ್ಕಂದಿನಲ್ಲಿ ಮಾದಪ್ಪನ ಪವಾಡಕ್ಕೆ ಬಾಯಿ ಬಿಡುತ್ತಿದ್ದೆ. ಈ ಸಲ ಕಿವಿ ನೆಟ್ಟಿದ್ದು ಸಂಕಮ್ಮ ‘ಕೊಡಲ್ಲ’ ಅನ್ನುವ ಕಡೆ. ಅಕ್ಕಪಕ್ಕದ ಹೆಂಗಸರು ಕಣ್ಣು ಒರೆಸಿಕೊಂಡಿದ್ದೂ ಅಲ್ಲೇ, ದೇವರು ಬಂದಾಗ ಅಲ್ಲ.

ಹಾಡು ನಿಂತ ಮೇಲೆ ಸೊಪ್ಪಿನಜ್ಜಿ ಕೇಳಿದರು: “ನಿಂದೇನಪ್ಪ ಹರಕೆ?”

“ನಂದೇನಿಲ್ಲಜ್ಜಿ. ಅವ್ವನ ಮುಡಿಪು ಅಷ್ಟೇ.”

“ನಿಂಗೇಂತ ಏನೂ ಕೇಳ್ಕಂಡಿಲ್ವಾ?”

“ಏನು ಕೇಳ್ಬೇಕು ಅಂತ ಗೊತ್ತಾಗ್ತಿಲ್ಲ.”

ಅಜ್ಜಿ ಅಡಿಕೆ ಕತ್ತರಿಸುತ್ತಾ ಸ್ವಲ್ಪ ಹೊತ್ತು ನೋಡಿದರು. “ಅಂಗಾದ್ರೆ ಅಗುರಾಗ್ ನಡೀಬೋದು ಬುಡು. ನಂಗೆ ಮೂರವೆ.” ಆ ಮೂರು ಏನು ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ರಾತ್ರಿ ಶಾಗ್ಯ ಸೇರಿದಾಗ ಎಷ್ಟು ಗಂಟೆ ಅಂತ ನೋಡಲಿಲ್ಲ. ಬಿಸಿ ಅನ್ನ, ಸಾರು. ಮಲಗಿದ್ದು ನೆನಪಿದೆ, ಹಾಸಿದ್ದು ನೆನಪಿಲ್ಲ.

ಮೂರನೇ ದಿನ: ಫೆಬ್ರವರಿ 24, ಸೋಮವಾರ

ಎದ್ದಾಗ ಎಡಗಾಲು ನನ್ನದಲ್ಲ ಅನ್ನಿಸಿತು. ಬೊಬ್ಬೆ ಕೋಳಿಮೊಟ್ಟೆಯಷ್ಟಾಗಿತ್ತು. ಅಜ್ಜಿ ಸೂಜಿಯನ್ನು ಬೆಂಕಿಗೆ ಹಿಡಿದು ದಾರ ಪೋಣಿಸಿ ಬೊಬ್ಬೆಯ ಈ ಕಡೆಯಿಂದ ಆ ಕಡೆಗೆ ತೂರಿಸಿದರು. ದಾರವನ್ನು ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸಿದರು. ನೀರು ದಾರ ಹಿಡಿದು ತಾನಾಗಿ ಇಳಿಯಿತು. (ಡಾಕ್ಟರ್ ಗೆಳೆಯನಿಗೆ ಆಮೇಲೆ ಹೇಳಿದೆ, ನಂಜಾಗುತ್ತದೆ, ಹಾಗೆಲ್ಲ ಮಾಡಬಾರದು ಅಂತ ಬೈದ. ಅವನು ಹೇಳಿದ್ದೇ ಸರಿ ಇರಬೇಕು. ನೀವು ಮಾಡಬೇಡಿ.)

ಹನೂರಿನವರೆಗೆ ಕುಂಟಿದೆ. ಊರು ದಾಟಿ ಸ್ವಲ್ಪ ದೂರಕ್ಕೆ ಕೂತುಬಿಟ್ಟೆ. ತಂಡವನ್ನು ಮುಂದೆ ಹೋಗಿ ಅಂದೆ. ಕೌದಳ್ಳಿಯಲ್ಲಿ ಸಿಗುತ್ತೇನೆ ಅಂತ ಮಾತು.

ನಾನು ಕೂತದ್ದು ಒಂದು ಅರವಟ್ಟಿಗೆ ಪಕ್ಕ. ತೆಂಗಿನ ಗರಿಯ ಚಪ್ಪರ, ನಾಲ್ಕು ದೊಡ್ಡ ಡ್ರಮ್ಮು, ಮಜ್ಜಿಗೆ, ಪಾನಕ. ಅಕ್ಕಪಕ್ಕದ ಹೊಲದವರು ಸೇರಿ ನಡೆಸುವುದು. ನಡೆಸುತ್ತಿದ್ದಾತ ನನ್ನ ಕಾಲು ನೋಡಿ ಒಂದು ಲೋಟ ಮಜ್ಜಿಗೆ ಕೊಟ್ಟ. ಕುಡಿದೆ. ಇನ್ನೊಂದು ಕೊಟ್ಟ. ಅದನ್ನೂ ಕುಡಿದೆ. ಆಮೇಲೆ ಒಂದು ಸೌಟು ಕೊಟ್ಟ.

“ಕೂತಿದ್ದೀರಲ್ಲಣ್ಣ, ಕೈ ಚೆನ್ನಾಗಿವೆ ಅಲ್ವಾ?”

ಹೀಗೆ ನನಗೆ ಕೆಲಸ ಸಿಕ್ಕಿತು. ಮೂರೂವರೆ ಗಂಟೆ ಮಜ್ಜಿಗೆ ಹೊಯ್ದೆ. ಒಂದು ಸೌಟಿಗೆ ಒಂದು ಲೋಟ. ತಳದಲ್ಲಿ ಉಪ್ಪು ಕೂರುತ್ತದೆ, ಅದಕ್ಕೆ ಪ್ರತಿ ಸಲ ತಳದಿಂದ ಕಲಕಿ ಎತ್ತಬೇಕು. ಇಲ್ಲದಿದ್ದರೆ ಮೊದಲು ಬಂದವರಿಗೆ ಸಪ್ಪೆ, ಕೊನೆಯವರಿಗೆ ಉಪ್ಪು. ಇದನ್ನು ಕಂಡುಕೊಳ್ಳಲು ನನಗೆ ನಲವತ್ತು ಲೋಟ ಬೇಕಾಯಿತು. ಇಂಗು, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ್ದರು. ಎದುರಿಗೆ ಬಂದವರ ಮುಖ ನೋಡಲು ಪುರುಸೊತ್ತಿಲ್ಲ, ಕೈ ಮಾತ್ರ ಕಾಣುತ್ತಿತ್ತು. ಗಾರೆ ಕೆಲಸದ ಕೈ, ಬಳೆ ಕೈ, ಬೆರಳಿಲ್ಲದ ಕೈ ಒಂದು, ನೇಲ್ ಪಾಲಿಶ್ ಹಚ್ಚಿದ ಪುಟ್ಟ ಕೈ. “ಸಾಕು ಸ್ವಾಮಿ” “ಇನ್ನೊಂಚೂರು ಹಾಕಿ ಸ್ವಾಮಿ”. ಇಲ್ಲಿ ಎಲ್ಲರೂ ಸ್ವಾಮಿ. ದೇವ್ ಅನ್ನುವವರು ಯಾರೂ ಇರಲಿಲ್ಲ.

ಮಧ್ಯದಲ್ಲಿ ಒಬ್ಬ ಹಿರಿಯರು ಬಂದು ನೆರಳಿಗೆ ಕೂತು, ಯಾರೂ ಕೇಳದೆ ಮಾದಪ್ಪನ ಕತೆ ಶುರು ಮಾಡಿದರು. ಸುತ್ತೂರು ಮಠಕ್ಕೆ ಬಂದ ಮಾದಪ್ಪನಿಗೆ ಅಲ್ಲಿ ರಾಗಿ ಬೀಸುವ ಕೆಲಸ ಕೊಟ್ಟರಂತೆ. ಏಳುಮಲೆಯ ದೇವರು ಬೀಸುವ ಕಲ್ಲಿನ ಮುಂದೆ ಕೂತನಂತೆ. ಈ ಕತೆ ನನಗೆ ಗೊತ್ತಿತ್ತು. ರಾಗಿ ಕಲ್ಲು ತಾನೇ ತಿರುಗಿತು ಅನ್ನುವ ಪವಾಡ ಗೊತ್ತಿತ್ತು. ಪವಾಡಕ್ಕೆ ಮುಂಚೆ ಅವನನ್ನು ಯಾರೋ ‘ನೀನು ಇದನ್ನು ಮಾಡು’ ಅಂತ ಕೂರಿಸಿದ್ದರು, ಅವನು ‘ಯಾಕೆ’ ಅನ್ನದೆ ಕೂತಿದ್ದ ಅನ್ನುವುದು ಸೌಟು ಕೈಯಲ್ಲಿದ್ದಾಗ ಮೊದಲ ಸಲ ಹೊಳೆಯಿತು.

ನಾಲ್ಕು ಡ್ರಮ್ಮೂ ಖಾಲಿಯಾದವು. ಹೊರಟಾಗ ಆತ ನನ್ನ ಹೆಸರು ಕೇಳಲಿಲ್ಲ, ನಾನು ಅವನ ಹೆಸರು ಕೇಳಲಿಲ್ಲ. ಮೊದಲೇ ಕೇಳಬೇಕಿತ್ತು ಅಂತ ಎಲ್ಲೇಮಾಳದ ಹತ್ತಿರ ಅನ್ನಿಸಿತು.

ಕೌದಳ್ಳಿ ತಲುಪಿದ್ದು ರಾತ್ರಿ ಹತ್ತಕ್ಕೆ. ಅಲ್ಲೊಂದು ಸಾಬರ ಅಂಗಡಿಯವರು ಯಾತ್ರಿಗಳಿಗೆ ಕಲ್ಲಂಗಡಿ ಕೊಯ್ದು ಕೊಡುತ್ತಿದ್ದರು. ಅಪ್ಪನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ ಅಂದರು. ತಂಡ ಅವರ ಅಂಗಡಿ ಮುಂದೆಯೇ ಮಲಗಿತ್ತು.

ನಾಲ್ಕನೇ ದಿನ: ಫೆಬ್ರವರಿ 25, ಮಂಗಳವಾರ

ವಡಕೆಹಳ್ಳ, ಕೋಣನಕೆರೆ ಬಂದು ಹೋದವು. ಅವುಗಳ ಬಗ್ಗೆ ಬರೆಯಲು ಏನಿಲ್ಲ, ಬಿಸಿಲಿತ್ತು ಅಷ್ಟೇ. ತಾಳಬೆಟ್ಟದಲ್ಲಿ ಕಾಯಿ ಒಡೆದು, ಗಂಧದಕಡ್ಡಿ ಹಚ್ಚಿ, ಸಂಜೆಗೆ ಏರು ಶುರು. ಬಸ್ಸುಗಳು ತಿರುವು ತಿರುವಾಗಿ ರಸ್ತೆ ಹತ್ತುತ್ತವೆ. ನಡೆಯುವವರು ಅಲ್ಲಲ್ಲಿ ಕಾಲುದಾರಿ ಹಿಡಿದು ಆ ತಿರುವುಗಳನ್ನು ಕತ್ತರಿಸುತ್ತಾರೆ.

ಇದು ಮಲೆ ಮಹದೇಶ್ವರ ವನ್ಯಜೀವಿ ಧಾಮ. 2013ರಿಂದ ಆ ಹೆಸರು. ಅದಕ್ಕೂ ಮುಂಚೆ, ಈಗಲೂ, ನಮ್ಮವರ ಬಾಯಲ್ಲಿ ಎಪ್ಪತ್ತೇಳು ಮಲೆ. ಎಣಿಸಿದವರು ಯಾರೂ ಇಲ್ಲ. ಕತ್ತಲಲ್ಲಿ ಒಂದರ ಹಿಂದೆ ಒಂದು ಮಲಗಿದ್ದವು, ಬೆನ್ನು ಮಾತ್ರ ಕಾಣುತ್ತಿತ್ತು. ಎಲ್ಲೋ ಒಂದು ಜಿಂಕೆ ಎಚ್ಚರಿಕೆಯ ಕೂಗು ಹಾಕಿತು. ಸಾಲು ನಿಂತಿತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ತಾತ ಮೆಲ್ಲಗೆ, “ಅವ್ನ ಕುದ್ರೆ ನೀರಿಗ್ ಬಂದಿರ್ಬೇಕು,” ಅಂದರು. ಮಾದಪ್ಪನ ಕುದುರೆ ಅಂದರೆ ಹುಲಿ. ಹುಲಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ ಅವರು. ಮತ್ತೆ “ಉಘೇ” ಅಂತ ಕೂಗಿ ಸಾಲು ಹೊರಟಿತು.

ಅಜ್ಜಿ ಆನೆತಲೆದಿಂಬದ ಹತ್ತಿರ ಮೊದಲ ಸಲ ನಿಂತರು. ಉಸಿರು ಸಿಕ್ಕುತ್ತಿರಲಿಲ್ಲ. ಅವರ ಚೀಲ ತಗೊಂಡೆ. ಕೊಡಲು ಇಷ್ಟ ಇರಲಿಲ್ಲ, ಆದರೂ ಕೊಟ್ಟರು. ಅದರೊಳಗೆ ಮೂರು ಗಂಟು ಇದ್ದವು, ಕೈಗೆ ತಾಕಿದವು. ಒಂದು ನನ್ನವ್ವನದಕ್ಕಿಂತ ಭಾರ. ಬೆಟ್ಟ ಸೇರುವವರೆಗೆ ನಾಲ್ಕು ಗಂಟು ನನ್ನ ಬೆನ್ನ ಮೇಲಿದ್ದವು.

ಐದನೇ ದಿನ: ಫೆಬ್ರವರಿ 26, ಬುಧವಾರ, ಶಿವರಾತ್ರಿ

ದೇವಸ್ಥಾನದಲ್ಲಿ ಕಾಲಿಡಲು ಜಾಗ ಇಲ್ಲ. ಆಲಂಬಾಡಿಯ ಜುಂಜೇಗೌಡ ಕಟ್ಟಿಸಿದ ಗುಡಿ ಅಂತ ಕತೆ ಹೇಳುತ್ತದೆ. ಇಂದಿಗೂ ಪೂಜೆ ಇಲ್ಲಿನ ಬೇಡಗಂಪಣ ಸಮುದಾಯದವರದು. ಆರು ಗಂಟೆ ಸಾಲಿನಲ್ಲಿ ನಿಂತು, ಎದುರಿಗೆ ನಿಂತದ್ದು ಎಷ್ಟು ಹೊತ್ತು ಅಂತೀರಿ? ಮೂರು ಸೆಕೆಂಡು ಇರಬಹುದು. ಏನು ಕೇಳಿಕೊಳ್ಳಬೇಕು ಅಂತ ಯೋಚಿಸುವಷ್ಟರಲ್ಲಿ ಹಿಂದಿನವರು ತಳ್ಳಿದರು. ಮುಡಿಪು ಹುಂಡಿಗೆ ಬಿತ್ತು. ಚಿಲ್ಲರೆ ಬಿದ್ದ ಸದ್ದು ಕೂಡ ಕೇಳಲಿಲ್ಲ, ಅಷ್ಟು ಗದ್ದಲ.

ಹೊರಗೆ ಹುಲಿವಾಹನದ ಸೇವೆ ನಡೆಯುತ್ತಿತ್ತು. ಜನ ಹುಲಿಯ ಮೇಲೆ ನಾಣ್ಯ, ದವಸ ಎರಚುತ್ತಿದ್ದರು. ಒಂದು ಮಗು ಅಪ್ಪನ ಹೆಗಲಿಂದ ಬಗ್ಗಿ ಹುಲಿಯ ಮೂತಿ ಸವರಿತು.

ಅವ್ವನಿಗೆ ದೂಳ್ತ ತಗೊಂಡು ಹೋಗಬೇಕಿತ್ತು. ಮಾದಪ್ಪನ ವಿಭೂತಿಗೆ ನಮ್ಮ ಕಡೆ ದೂಳ್ತ ಅನ್ನುತ್ತಾರೆ. ಕಟ್ಟಲು ಕಾಗದ ಇಲ್ಲ. ಚೀಲ ತಡಕಿದಾಗ ಶಿಬಿರದ ಆ ಹಾಳೆ ಸಿಕ್ಕಿತು. ಹೊಳೆ ನೀರು ತಾಗಿ ನಾಲ್ಕು ವೃತ್ತದ ಶಾಯಿ ಹರಡಿತ್ತು. ಟೀ ಕಲೆ ಮಾತ್ರ ಗಟ್ಟಿಯಾಗಿ ಕೂತಿತ್ತು. ಅದರಲ್ಲೇ ಸುತ್ತಿದೆ.

ಬಸ್ಸಿನಲ್ಲಿ ಅಜ್ಜಿ ನನ್ನ ಭುಜಕ್ಕೆ ತಲೆ ಆನಿಸಿ ಕನಕಪುರದವರೆಗೂ ನಿದ್ದೆ ಮಾಡಿದರು.

ಮನೆಗೆ ಹೋದ ಕೂಡಲೇ ಅವ್ವ ಕೇಳಿದ್ದು, “ಒಳೇಲಿ ನೀರು ಎಲ್ಲೀಗಂಟ ಇತ್ತು?” ಸೊಂಟ ತೋರಿಸಿದೆ. “ಈ ಸಲ ಜಾಸ್ತಿನೇ,” ಅಂದಳು. ದೂಳ್ತ ಬಿಚ್ಚಿ ಹಣೆಗೆ ಇಟ್ಟುಕೊಂಡಳು. ಹಾಳೆಯನ್ನು ಒಲೆಗೆ ಹಾಕಿದಳು. ನಾನು ಬೇಡ ಅನ್ನಲಿಲ್ಲ.

ಈಗ ನಾನು ಏನು ಮಾಡುತ್ತಿದ್ದೇನೆ ಅಂತ ಕೇಳುವವರಿಗೆ: ಏಪ್ರಿಲ್‌ನಿಂದ ಊರಿನ ಹಾಲಿನ ಡೇರಿಯ ಲೆಕ್ಕ ನೋಡುತ್ತಿದ್ದೇನೆ. ಸಂಬಳ ಮೊದಲಿನ ಕಾಲುಭಾಗವೂ ಇಲ್ಲ. ಬೆಳಿಗ್ಗೆ ಐದೂವರೆಗೆ ಕ್ಯಾನುಗಳು ಬರುತ್ತವೆ, ಅಳತೆಗೆ ಮುಂಚೆ ತಳದಿಂದ ಕಲಕಬೇಕು. ಅದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಜೂನ್ ಕೊನೆಯಲ್ಲಿ ಆ ಸುದ್ದಿ ಬಂತು. ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಐದು ಹುಲಿ ಸತ್ತಿದ್ದವು. ಒಂದು ತಾಯಿ, ನಾಲ್ಕು ಮರಿ. ಹಸು ಕೊಂದ ಸಿಟ್ಟಿಗೆ, ಆ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಟಿವಿಯಲ್ಲಿ ಸಾಲಾಗಿ ಮಲಗಿಸಿದ್ದನ್ನು ತೋರಿಸಿದರು. ಅವ್ವ ಹಸು ಸಾಕಿದವಳು. ಒಂದು ಹಸು ಹೋದರೆ ಮನೆಗೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಬಹಳ ಹೊತ್ತು ಸುಮ್ಮನೆ ಕೂತಿದ್ದಳು.

“ಇನ್ ಮಾದಪ್ಪ ಯಾತರ ಮ್ಯಾಲೆ ಕೂತ್ಕಂಡ್ ಬತ್ತಾನ್ಲಾ?”

ನಾನು ಏನು ಹೇಳಲಿ? ಅವ್ವ ಎದ್ದು ಹೋಗಿ ದೇವರ ಗೂಡಿನಿಂದ ಹಳದಿ ಬಟ್ಟೆ ತಂದಳು. ಮುಂದಿನ ಮುಡಿಪು ಆಗಲೇ ಶುರುವಾಗಿತ್ತು. ಅದರ ಒಂದು ಮೂಲೆ ಹರಿದು, ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿಯ ಐದು ಬಿಲ್ಲೆ ಎಣಿಸಿ, ಬೇರೆಯೇ ಒಂದು ಸಣ್ಣ ಗಂಟು ಕಟ್ಟಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಕಾಲಿನ ಕಡೆ ನೋಡಿದಳು. ಹೆಬ್ಬೆರಳ ಪಕ್ಕದ ಚರ್ಮ ಗಟ್ಟಿಯಾಗಿದೆ.